ಕೆರೆದು ತೆಗೆದ ಕಾಲು

ಸತ್ತವರು ಸುಳಿವು ಕೊಡುತ್ತಾರೆ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಚಿತ್ರವೆಂದರೆ ಬಟ್ಟೆ, ಬಣ್ಣ, ಎಣ್ಣೆ, ಅಷ್ಟೇ ಎಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಿದವನು ನಾನು. ಈಗ ಹಾಗೆ ಹೇಳುವ ಧೈರ್ಯವಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಗಂಗೊಳ್ಳಿ ಬದಿಯ ಒಂದು ಇಗರ್ಜಿಗೆ ಮೀನುಗಾರ ಸಂತ ಪೇತ್ರನ ದೊಡ್ಡ ಚಿತ್ರ ಬೇಕಿತ್ತು; ಬರೆಯುವ ಕೆಲಸ ನನಗೆ ಬಂತು. ನನಗೆ ನಾನೂರು ವರ್ಷ ಹಿಂದಿನ ಇಟಲಿಯ ಬರೋಕ್ ಶೈಲಿಯ ಚಿತ್ರಗಳ ಹುಚ್ಚು. ಆ ಕಾಲದ ಕೆಲವರು ಬೀದಿಯ ಬಡವರನ್ನೇ ಕೂರಿಸಿಕೊಂಡು ಸಂತರನ್ನು ಬರೆದರು. ಸುತ್ತ ಕಗ್ಗತ್ತಲೆ, ಒಂದೇ ಕಡೆಯಿಂದ ಬೆಳಕು, ಆ ಬೆಳಕಿನಲ್ಲಿ ಕೊಳಕು ಉಗುರೂ ಕಾಣಬೇಕು. ನಾನೂ ಬಲೆ ಎಳೆಯುವ ಶೀನನನ್ನು ಐಸ್ ಪ್ಲಾಂಟಿನ ಬಾಗಿಲಲ್ಲಿ ಕೂರಿಸಿದೆ. ಬಿಸಿಲು ನೇರ ಅವನ ಬಲಗಾಲಿಗೆ ಬೀಳುತ್ತಿತ್ತು. ಕೆಸರು, ಒಡೆದ ಹಿಮ್ಮಡಿ, ತೊರಕೆ ಮೀನಿನ ಮುಳ್ಳು ಹೊಕ್ಕ ಕಲೆ, ಎಲ್ಲವನ್ನೂ ಇದ್ದ ಹಾಗೇ ಬರೆದೆ.

ಇಗರ್ಜಿಯ ಸಮಿತಿಯವರ ಮುಖ ಹುಳ್ಳಗಾಯಿತು. ಸಂತನ ಕಾಲಿಗೆ ಕೆಸರೇ? ಇವರ ಬಟ್ಟಲಿಗೆ ಮೀನು ಬರುವುದು ಅದೇ ಕೆಸರುಗಾಲಿನವರಿಂದ. ಆದರೆ ಗೋಡೆಯ ಮೇಲೆ ಅದು ಬೇಡ. ನಾನು ಆ ಭಾಗವನ್ನು ಬಟ್ಟೆ ಕಾಣುವವರೆಗೆ ಚಾಕುವಿನಿಂದ ಕೆರೆದು, ಚಪ್ಪಲಿ ಜಾಹೀರಾತಿನ ಕಾಲಿನಂಥದೊಂದನ್ನು ಬರೆದುಕೊಟ್ಟೆ. ನೋಡಲು ಬಂದ ಶೀನ ನಕ್ಕ.

"ಹ್ವಾಯ್ ಮಾಷ್ಟ್ರೇ, ನನ್ ಕಾಲ್ ಎಲ್ಲಿಗ್ ಹೋಯ್ತ್?"



ಮಳೆಗಾಲಕ್ಕೆ ಮುಂಚೆ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಅವನ ದೋಣಿ ಮಗುಚಿತು. ಉಳಿದವರು ಈಜಿ ಬಂದರು. ಶೀನನ ಹೆಣ ಕೂಡ ಸಿಗಲಿಲ್ಲ. ಅವನ ಹೆಂಡತಿ ಗುಲಾಬಿ ಉತ್ತರಕ್ರಿಯೆಗೆ ಒಪ್ಪಲಿಲ್ಲ, ಬಳೆ ತೆಗೆಯಲಿಲ್ಲ. ದಿನಾ ದಡಕ್ಕೆ ಹೋಗಿ ದಾರಿ ಕಾಯುತ್ತಿದ್ದಳು.

ಒಂದು ಮಧ್ಯಾಹ್ನ ಸಮಿತಿಯ ಅಧ್ಯಕ್ಷರು ಫೋನಿನಲ್ಲಿ ಹರಿಹಾಯ್ದರು. ನಾನು ಕದ್ದು ಬಂದು ಸಂತನ ಕಾಲು ಕೆಡಿಸಿದೆನಂತೆ! ಇಗರ್ಜಿಗೆ ಓಡಿದೆ. ಸುದ್ದಿ ಕೇಳಿ ಗುಲಾಬಿಯೂ ಬಂದಿದ್ದಳು. ಚಿತ್ರದಲ್ಲಿ ಶೀನನ ಕಾಲಿತ್ತು. ಅದೇ ಹಿಮ್ಮಡಿ, ಅದೇ ಕಲೆ. ಆದರೆ ಕೆಸರಿರಲಿಲ್ಲ. ಚರ್ಮ ಬೆಳ್ಳಗೆ ಉಬ್ಬಿ ಸುಕ್ಕುಗಟ್ಟಿತ್ತು. ಅಂಥ ಕಾಲನ್ನು ನಾನು ಯಾವತ್ತೂ ಬರೆದವನಲ್ಲ.

ಗುಲಾಬಿ ಅದನ್ನು ಮುಟ್ಟಿ ನೋಡಿದಳು. "ಇವ್ರ್ ಕಾಲೇ ಮಾಷ್ಟ್ರೇ. ನೀರಗ್ ನೆನ್ದಿತ್. ಇನ್ ದಾರಿ ಕಾಂಬುದ್ ಬ್ಯಾಡ." ಅಲ್ಲೇ ಕುಳಿತು ಒಂದೊಂದಾಗಿ ಬಳೆ ಬಿಚ್ಚಿದಳು.

ಹಳೆಯ ಬಣ್ಣ ಮೇಲೆದ್ದಿತು ಎನ್ನೋಣವೆಂದರೆ, ಕೆಳಗೆ ಬಣ್ಣವನ್ನೇ ಉಳಿಸಿರಲಿಲ್ಲವಲ್ಲ! ಸಮಿತಿಯವರು ಕಾಲಿನ ಮುಂದೆ ಪ್ಲಾಸ್ಟಿಕ್ ಹೂವಿನ ದೊಡ್ಡ ಕುಂಡ ಇಟ್ಟು ಕೈತೊಳೆದುಕೊಂಡರು. ವರ್ಷಕ್ಕೊಮ್ಮೆ ಗುಲಾಬಿ ಬಂದು ಕುಂಡ ಸರಿಸಿ, ಆ ಕಾಲನ್ನು ಸೆರಗಿನಿಂದ ಒರೆಸುತ್ತಾಳೆ. ಆಮೇಲೆ ಹೊರಗೆ ಬಂದು ಸೆರಗು ಹಿಂಡುತ್ತಾಳೆ. ಅದು ಯಾಕೆ ಒದ್ದೆಯಾಗುತ್ತದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.