ಒಲ್ಲೆ ಎಂದು ನಾನು ಹೇಳಿರಲಿಲ್ಲ

ನಮ್ಮ ಕಾಲೇಜಿನಲ್ಲಿ ನೋಟೀಸು ಓದುತ್ತಿದ್ದದ್ದು ಕೊನೆಯ ಪೀರಿಯಡ್ಡಿನಲ್ಲಿ. ಜವಾನ ಉದ್ದನೆಯ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದೊಂದೇ ಕ್ಲಾಸಿಗೆ ಹೋಗುತ್ತಿದ್ದ. ಪಾಠ ಮಾಡುತ್ತಿದ್ದ ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿ ಸಹಿ ಹಾಕುತ್ತಿದ್ದರು. ಅಲ್ಲಿಗೆ ಎಲ್ಲರಿಗೂ ವಿಷಯ ತಿಳಿದಂತೆ ಲೆಕ್ಕ. ಹೊಸಹಳ್ಳಿ ಕಡೆಯಿಂದ ಬರುತ್ತಿದ್ದ ನಾವು ಏಳು ಜನ ಹುಡುಗಿಯರು ಆ ಹೊತ್ತಿಗೆ ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ಇರುತ್ತಿದ್ದೆವು. ಮೂರೂವರೆಯ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ಕೊನೆಯ ಪೀರಿಯಡ್ಡು ಬಿಟ್ಟು ಹೋಗಲು ಪ್ರಿನ್ಸಿಪಾಲರೇ ಅಪ್ಪಣೆ ಕೊಟ್ಟಿದ್ದರು, ಕೊಟ್ಟಿದ್ದೇವೆಂದು ಆಗಾಗ ನೆನಪಿಸುತ್ತಲೂ ಇದ್ದರು.

ಹೀಗಾಗಿ ಅವಕಾಶಗಳೆಲ್ಲ ನಮಗೆ ಮುಗಿದ ಮೇಲೆ ಗೊತ್ತಾಗುತ್ತಿದ್ದವು. ಕೊಟ್ಟೂರಿನಲ್ಲಿ ಚರ್ಚಾಸ್ಪರ್ಧೆ, ಹಡಗಲಿಯಲ್ಲಿ ವಿಜ್ಞಾನ ಪ್ರದರ್ಶನ, ಹರಪನಹಳ್ಳಿಯಲ್ಲಿ ಎನ್ನೆಸ್ಸೆಸ್ ಶಿಬಿರ. ಹೋಗಿ ಬಂದವರು ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತೋರಿಸುತ್ತ, "ಅಯ್ಯ, ನಿಮಗ ಗೊತ್ತಿರಲಿಲ್ಲೇನ್ರಿ?" ಅನ್ನುತ್ತಿದ್ದರು. ಗೊತ್ತಿರಲಿಲ್ಲ. ಗೊತ್ತು ಮಾಡುವ ಜವಾಬ್ದಾರಿ ಯಾರದೆಂದು ಯಾರೂ ಕೇಳುತ್ತಿರಲಿಲ್ಲ. ಮೊದಲ ವರ್ಷ ನಾನೂ ಕೇಳಲಿಲ್ಲ, ಅದಕ್ಕೆ ನನ್ನ ಮೇಲೆ ನನಗೇ ಇವತ್ತಿಗೂ ಸಿಟ್ಟಿದೆ.

ಎರಡನೇ ವರ್ಷದ ಬಿ.ಎಸ್ಸಿ. ಫಲಿತಾಂಶ ಬಂದಾಗ ಕಾಲೇಜಿಗೆ ನಾನು ಮೊದಲು ಬಂದಿದ್ದೆ. ಅದೇನು ಪ್ರಯೋಗಾಲಯದಲ್ಲಿ ಮೈ ಮುರಿದು ದುಡಿದು ಬಂದದ್ದಲ್ಲ. ನಮ್ಮಲ್ಲಿ ಮೂರು ಮೈಕ್ರೋಸ್ಕೋಪು ಇದ್ದವು, ಅದರಲ್ಲಿ ಒಂದರ ಕನ್ನಡಿ ಒಡೆದಿತ್ತು. ಮೊದಲು ಹುಡುಗರು, ಆಮೇಲೆ ಕೂಡ್ಲಿಗಿ ಊರಿನ ಹುಡುಗಿಯರು, ಕೊನೆಗೆ ನಾವು. ನಮ್ಮ ಸರದಿ ಬರುವಷ್ಟರಲ್ಲಿ ಮೂರು ಗಂಟೆ. ಈರುಳ್ಳಿ ಸಿಪ್ಪೆಯ ಜೀವಕೋಶವನ್ನು ನಾನು ಕಣ್ಣಾರೆ ನೋಡಿದ್ದು ಎರಡು ವರ್ಷದಲ್ಲಿ ಎರಡೇ ಸಲ. ಉಳಿದ ಚಿತ್ರವನ್ನೆಲ್ಲ ಪುಸ್ತಕ ನೋಡಿ ಬರೆದೆ, ನೋಡಿದವಳ ಹಾಗೆ ಬರೆದೆ, ಮೇಷ್ಟ್ರು "ಗುಡ್" ಹಾಕಿದರು. ಕಾಣದ್ದನ್ನು ಕಂಡ ಹಾಗೆ ಬರೆದು ಮೊದಲು ಬರುವುದರಲ್ಲಿ ಎಂಥ ಸುಖವಿದೆ? ಆ ಕೊಳವೆಯಲ್ಲಿ ಕಣ್ಣಿಟ್ಟು, ಹಿಂದಿನಿಂದ ಯಾರೂ "ಬೇಗ ಬಿಡ್ರಿ" ಅನ್ನದೆ, ನನಗೆ ಸಾಕೆನ್ನುವಷ್ಟು ಹೊತ್ತು ನೋಡಬೇಕು ಅನ್ನುವುದೊಂದೇ ನನ್ನ ಆಸೆಯಾಗಿತ್ತು.

ಮೂರನೇ ವರ್ಷದ ದಸರೆ ರಜೆಗೆ ಇನ್ನೂ ಹದಿನೈದು ದಿನ ಇತ್ತು. ಗ್ರಂಥಾಲಯದಲ್ಲಿ ನಮ್ಮ ಕ್ಲಾಸಿನ ಹುಡುಗನೊಬ್ಬ ನನ್ನೆದುರು ಬಂದು ನಿಂತ. ಬಟ್ಟೆ ಅಂಗಡಿಯವರ ಮಗ, ಫಲಿತಾಂಶದಲ್ಲಿ ನನ್ನ ಹಿಂದಿನವನು, ಯಾವಾಗಲೂ ಮರ್ಯಾದೆಯಿಂದ ಮಾತಾಡುವವನು.

"ಅಲ್ರೀ, ನೀವು ಯಾಕ ಒಲ್ಲೆ ಅಂದ್ರಿ? ಇಂಥಾ ಚಾನ್ಸು ಮತ್ತ ಬರತೈತೇನು?"

"ಯಾವುದಕ್ಕ ಒಲ್ಲೆ ಅಂದೀನಿ?"

"ಯೂನಿವರ್ಸಿಟಿ ಶಿಬಿರರೀ. ಕಾಲೇಜಿಗೆ ಒಬ್ಬರಂತ. ಮೂರು ವಾರ, ಒಬ್ಬೊಬ್ಬರಿಗೂ ಒಂದೊಂದು ಮೈಕ್ರೋಸ್ಕೋಪು ಕೊಡ್ತಾರಂತ. ಫಸ್ಟ್ ಬಂದೋರಿಗೆ ಅಂತ ಬಂದಿತ್ತು. ನೀವು ಒಲ್ಲೆ ಅಂದೀರಂತ ನನ್ನ ಹೆಸರು ಹಾಕ್ಯಾರ."

ಪುಸ್ತಕವನ್ನು ಹಾಗೇ ಬಿಟ್ಟು ಆಫೀಸಿಗೆ ಹೋದೆ. ಜವಾನ ಒಳ್ಳೆಯವನು, ಕೇಳಿದ ಕೂಡಲೇ ರಿಜಿಸ್ಟರು ತೆರೆದು ತೋರಿಸಿದ. ವಿಶ್ವವಿದ್ಯಾಲಯದ ಪತ್ರವನ್ನು ಪುಟಕ್ಕೆ ಅಂಟಿಸಿದ್ದರು. ಅದರ ಕೆಳಗೆ ಪ್ರಿನ್ಸಿಪಾಲರ ಕೈಬರಹದಲ್ಲಿ, 'ಪ್ರಥಮ ಸ್ಥಾನದ ವಿದ್ಯಾರ್ಥಿನಿಯು ಹೋಗಲು ನಿರಾಕರಿಸಿರುತ್ತಾಳೆ' ಎಂದಿತ್ತು. ನಿರಾಕರಿಸಿರುತ್ತಾಳೆ! ನನ್ನ ಬಾಯಿಂದ ಆ ಪದ ಹುಟ್ಟಿದ್ದೇ ಇಲ್ಲ. ಅಷ್ಟು ದೊಡ್ಡ ಪದವನ್ನು ಆಡುವ ಅವಕಾಶವನ್ನೂ ನನಗೆ ಯಾರು ಕೊಟ್ಟಿದ್ದರು?

ಪ್ರಿನ್ಸಿಪಾಲರು ದಕ್ಷಿಣದ ಜಿಲ್ಲೆಯಿಂದ ವರ್ಗವಾಗಿ ಬಂದವರು. ಕೆಟ್ಟವರೆಂದು ಹೇಳಲಾರೆ. ಕೆಟ್ಟವರಾಗಿದ್ದರೆ ಜಗಳ ಸುಲಭವಾಗುತ್ತಿತ್ತು.

"ನಿಮ್ಮ ತಂದೆಯವರನ್ನೇ ಕೇಳಿದೆನಲ್ಲಮ್ಮ," ಅಂದರು. "ನೀರಿನ ಟ್ಯಾಂಕಿನ ಹತ್ತಿರ ಕೆಲಸ ಮಾಡ್ತಿದ್ರು, ಸ್ಕೂಟರ್ ನಿಲ್ಲಿಸಿ ಕೇಳಿದೆ. ಕಳಿಸೋಲ್ಲ ಅಂದ್ರು."

"ನನ್ನ ಕೇಳಲಿಲ್ಲಲ್ಲ ಸಾರ್."

"ತಂದೆ ಬೇಡ ಅಂದ ಮೇಲೆ ನಿನ್ನನ್ನು ಕೇಳೋದೇನಿದೆ?"

ಅಷ್ಟೇ. ಅದರಾಚೆ ಅವರಿಗೆ ಏನೂ ಕಾಣಲೇ ಇಲ್ಲ. ನಾನು ಬಸ್ಸು ಹತ್ತಿ, ದಾರಿಯುದ್ದಕ್ಕೂ ಅಪ್ಪನಿಗೆ ಏನೇನು ಅನ್ನಬೇಕೆಂದು ಒಂದೊಂದೇ ಮಾತು ಜೋಡಿಸಿಕೊಂಡೆ.

ಅಪ್ಪ ಗೌಂಡಿ ಕೆಲಸದವನು. ಅವನು ಕಟ್ಟಿದ ಗೋಡೆ ಸುತ್ತಲಿನ ಊರುಗಳಲ್ಲಿ ಬೇಕಾದಷ್ಟಿವೆ. ಸಂಜೆ ಬಂದು ಕೈಕಾಲು ತೊಳೆಯುತ್ತಿದ್ದವನ ಮುಂದೆ ನಿಂತು ಕೇಳಿದೆ, "ನನ್ನ ಕಳಿಸಂಗಿಲ್ಲ ಅಂತ ಅಂದೀಯೇನಪ್ಪಾ?"

ಅವನು ಗಾಬರಿಯಾದ. "ನಾ ಎಲ್ಲಿ ಅಂದೆ? ಅವ್ರ ಅಂದ್ರು. 'ವಯಸ್ಸಿಗೆ ಬಂದ ಹುಡುಗಿ, ಮೂರು ವಾರ, ಅಷ್ಟು ದೂರ, ನೀವು ಕಳಿಸೋಲ್ಲ ಅಲ್ವಾ?' ಅಂತ ಕೇಳಿದ್ರು. ನಾ ಹೂನ್ರಿ ಅಂದೆ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಮ್ಮವರ ಈ ಹೂನ್ರಿ ನನಗೆ ಚೆನ್ನಾಗಿ ಗೊತ್ತು. ದೊಡ್ಡವರು ಪ್ರಶ್ನೆ ಕೇಳಿದರೆ ಅದರೊಳಗೆ ಅವರಿಗೆ ಬೇಕಾದ ಉತ್ತರ ಇರುತ್ತದೆ, ಅದನ್ನು ಹುಡುಕಿ ಅವರಿಗೇ ಒಪ್ಪಿಸುವುದು ನಮ್ಮಲ್ಲಿ ಮರ್ಯಾದೆ. ಸಾಹುಕಾರರು "ಇವತ್ತು ಬಿಸಿಲು ಕಡಿಮಿ ಐತಿ ಅಲ್ಲೇನಪ್ಪಾ?" ಅಂದರೆ, ತಲೆಗೆ ಒದ್ದೆ ಟವೆಲ್ಲು ಸುತ್ತಿಕೊಂಡವನೂ ಹೂನ್ರಿ ಅನ್ನುತ್ತಾನೆ. ಪ್ರಿನ್ಸಿಪಾಲರಿಗೆ ಇದು ಗೊತ್ತಿರಲಿಲ್ಲ. ಅಪ್ಪ ತನ್ನ ಮನಸ್ಸು ಹೇಳಿದನೆಂದೇ ಅವರು ತಿಳಿದರು. ಅಪ್ಪನೋ, ಕಾಲೇಜಿನ ಸಾಹೇಬರು ಬೇಡ ಅನ್ನುತ್ತಿದ್ದಾರೆ, ಏನೋ ಕಾರಣ ಇರಬೇಕು ಅಂದುಕೊಂಡ. ಇಬ್ಬರ ಸಭ್ಯತೆಯ ನಡುವೆ ನನ್ನ ಮೂರು ವಾರ ಹೋಯಿತು.

"ಹಂಗಾರ ನಿನಗ ಕಳಿಸಾಕ ಮನಸೈತೇನು?" ಅಂದೆ.

"ನನ್ನ ಮನಸ್ಸು ಯಾರು ಕೇಳಿದ್ರವ್ವಾ?"

"ನಾ ಕೇಳಾಕತ್ತೀನಿ."

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಹೋಗು. ಯಾಕ ಹೋಗಬಾರದು? ನೀ ಫಸ್ಟ್ ಬಂದೀದಿ."

"ಮತ್ತ ನಾಳೆ ಬಂದು ಅವರ ಮುಂದ ಇದನ್ನ ಹೇಳು."

ಅಲ್ಲಿ ಅವನು ಕುಸಿದ. ಒಮ್ಮೆ ಹೂನ್ರಿ ಅಂದ ಬಾಯಿಂದ ಮರಳಿ ಇಲ್ಲ ಅನ್ನುವುದು ಹೇಗೆ, ಸಾಹೇಬರು ಏನು ತಿಳಿದಾರು, ಅಂದ ಮಾತು ಅಂದದ್ದೇ ಅಲ್ಲವೇ ಎಂದು ಏನೇನೋ ಹೇಳಿದ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ತಿರುಗಿ ನೋಡದೆ ಅಂದಳು, "ನೀ ಕಟ್ಟಿದ ಗ್ವಾಡಿ ಸೊಟ್ಟ ಆದ್ರ ಕೆಡವಿ ಕಟ್ಟಂಗಿಲ್ಲೇನು? ಇದನ್ನೂ ಕೆಡವಿ ಬಾ."

ಮರುದಿನ ಅಪ್ಪ ಕೆಲಸ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಜೊತೆ ಬಂದ. ಪ್ರಿನ್ಸಿಪಾಲರು ಕುರ್ಚಿ ತೋರಿಸಿದರು, ಅವನು ಕೂಡಲಿಲ್ಲ. ನಾನೂ ಕೂಡಲಿಲ್ಲ.

"ಏನಪ್ಪಾ, ಮಗಳು ಹಟ ಮಾಡಿ ಕರ್ಕೊಂಡು ಬಂದಳಾ?"

ಅಪ್ಪನ ಬಾಯಿ ಹೂನ್ರಿಗೆ ತೆರೆದುಕೊಂಡದ್ದನ್ನು ನಾನು ಕಂಡೆ. ಅವನು ಅದನ್ನು ನುಂಗಿದ.

"ಹಟ ಅಲ್ರಿ. ಮೊನ್ನೆ ನಾ ತಪ್ಪು ಹೇಳಿದೆನ್ರಿ. ನನಗ ಕಳಿಸಾಕ ಮನಸೈತ್ರಿ."

ಪ್ರಿನ್ಸಿಪಾಲರು ಕನ್ನಡಕ ತೆಗೆದರು. ಹೆಸರು ಮೊನ್ನೆಯೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಗಿದೆ ಅಂದರು. ಇನ್ನೊಂದು ಪತ್ರ ಬರೆಯಿರಿ ಅಂದೆ. ಒಂದೇ ಕಾಲೇಜಿನಿಂದ ಎರಡು ಪತ್ರ ಹೋದರೆ ಕಾಲೇಜಿನ ಮರ್ಯಾದೆ ಏನಾಗಬೇಕು ಅಂದರು. ಎಲ್ಲರ ಮರ್ಯಾದೆಗೂ ಆ ಕೋಣೆಯಲ್ಲಿ ಜಾಗವಿತ್ತು.

ನಾನು ಹೋಗಲಿಲ್ಲ ಅನ್ನುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆ ಹುಡುಗ ಹೋಗಿ ಬಂದ. ಬಂದು ತನ್ನ ನೋಟ್ಸೆಲ್ಲ ನನಗೆ ಕೊಟ್ಟ, ತಾನು ನೋಡಿದ್ದನ್ನೆಲ್ಲ ವಿವರಿಸಿದ. ನಾನು ಕೇಳಿಸಿಕೊಂಡೆ, ಪರೀಕ್ಷೆಯಲ್ಲಿ ಬರೆದೆ, ಕೊನೆಯ ವರ್ಷವೂ ಮೊದಲೇ ಬಂದೆ. ಮುಂದೆ ಮೇಷ್ಟ್ರೂ ಆದೆ, ನನ್ನದೇ ಕೈಕೆಳಗೆ ಪ್ರಯೋಗಾಲಯವೂ ಬಂತು. "ನೋಡು, ಹೋಗದಿದ್ದರೂ ಏನು ಕಡಿಮೆಯಾಯ್ತು?" ಎಂದು ಕೇಳಿದವರಿದ್ದಾರೆ. ಕಡಿಮೆಯಾಯಿತು. ಇಪ್ಪತ್ತರ ವಯಸ್ಸಿನಲ್ಲಿ ನೋಡಬೇಕಾಗಿದ್ದನ್ನು ಮೂವತ್ತರಲ್ಲಿ ನೋಡಿದರೆ ಅದೇ ಆಗುವುದಿಲ್ಲ. ಆ ಮೂರು ವಾರವನ್ನು ನಾನು ಯಾರಿಗೂ ಮಾಫಿ ಮಾಡಿಲ್ಲ.

ಆದರೆ ಆ ದಿನ ಆ ಕೋಣೆಯಿಂದ ನಾನು ಬರಿಗೈಯಲ್ಲಿ ಹೊರಡಲು ತಯಾರಿರಲಿಲ್ಲ. "ಸೀಟು ಹೋದ್ರ ಹೋಗ್ಲಿ ಸಾರ್," ಅಂದೆ, "ರಿಜಿಸ್ಟರ್ದಾಗ ನಾನು ನಿರಾಕರಿಸೀನಿ ಅಂತ ಐತಿ. ಅದು ಸುಳ್ಳು. ಅದನ್ನ ಹೊಡೆದು ಹಾಕ್ರಿ."

"ಅದನ್ನು ಯಾರು ಓದ್ತಾರಮ್ಮ?"

"ನಾನು ಓದೀನಿ."

ಅವರು ಒಪ್ಪಲಿಲ್ಲ. ಆಫೀಸಿನ ದಾಖಲೆಯಲ್ಲಿ ಹೊಡೆದು ಹಾಕುವ ಹಾಗಿಲ್ಲವಂತೆ. ಹಾಗಾದರೆ ಕೆಳಗೆ ನಾನು ಬರೆಯುತ್ತೇನೆ ಅಂದೆ. ವಿದ್ಯಾರ್ಥಿಗಳು ಬರೆಯುವ ಹಾಗೂ ಇಲ್ಲವಂತೆ. ಬಾಗಿಲಲ್ಲಿ ನಿಂತಿದ್ದ ಜವಾನ ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ, ಹೋಗಿ ರಿಜಿಸ್ಟರು ತಂದು ಮೇಜಿನ ಮೇಲೆ ತೆರೆದಿಟ್ಟ. ಯಾರೂ ಅವನಿಗೆ ತರಲು ಹೇಳಿರಲಿಲ್ಲ. ನಾನು ನನ್ನದೇ ಪೆನ್ನು ತೆಗೆದೆ. ಪ್ರಿನ್ಸಿಪಾಲರು ಕೈ ಅಡ್ಡ ಇಡಬಹುದಿತ್ತು, ಇಡಲಿಲ್ಲ. 'ನಾನು ನಿರಾಕರಿಸಿಲ್ಲ. ನನ್ನನ್ನು ಕೇಳಿಲ್ಲ' ಎಂದು ಬರೆದು ಸಹಿ ಮಾಡಿದೆ.

"ಏನು ಬರದೀದಿ? ಓದು," ಅಂದ ಅಪ್ಪ. ಓದಿದೆ. ಅವನು ಪೆನ್ನು ಕೇಳಿ ಇಸಿದುಕೊಂಡು, ನನ್ನ ಸಹಿಯ ಕೆಳಗೆ ತನ್ನ ಹೆಸರಿನ ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ ಬರೆದ.

ಪ್ರಿನ್ಸಿಪಾಲರು ರಿಜಿಸ್ಟರು ಮುಚ್ಚಿ, ಆದಷ್ಟು ಮೃದುವಾಗಿ ಕೇಳಿದರು, "ಆಯ್ತಲ್ಲಪ್ಪಾ, ಈಗ ಮಗಳಿಗೆ ಸಮಾಧಾನ ಆಯ್ತು ಅಲ್ವಾ?"

ಅಪ್ಪ ನನ್ನ ಕಡೆ ಕೈ ತೋರಿಸಿದ.

"ಇಲ್ಲೇ ನಿಂತಾಳಲ್ರಿ," ಅಂದ. "ಅಕೀನ್ನ ಕೇಳ್ರಿ."