ಸೂಪಾದ ಗುಡ್ಡದ ಮೇಲಿನ ಕಣ್ಣು

ಸೂಪಾದ ಗುಡ್ಡದಿಂದ ಎಷ್ಟು ದೂರ ಕಾಣುತ್ತದೆ ಎಂದು ಯಾರಾದರೂ ಕೇಳಿದರೆ ರೂಪ್ಲಪ್ಪನ ಎದೆ ಉಬ್ಬುತ್ತಿತ್ತು. ಕಾರವಾರದ ಸಮುದ್ರ ಕಾಣುತ್ತದೆ, ಹಡಗು ಕಾಣುತ್ತದೆ. ಕೇಳಿದವನು ಇನ್ನಷ್ಟು ಹೊತ್ತು ನಿಂತರೆ ಹಡಗಿನೊಳಗೆ ಏನು ಅಡುಗೆ ಎಂಬುದೂ ಕಾಣುತ್ತಿತ್ತು. ಹಳಿಯಾಳ ಕಡೆಯ ಲಂಬಾಣಿ ತಾಂಡೆಯವನಾದ ಅವನಿಗೆ ಬೇಸಿಗೆಯಲ್ಲಿ ಕಾಡಿನ ಬೆಂಕಿ ಕಾಯುವ ಕೆಲಸ. ಮಹಾಯುದ್ಧ ಶುರುವಾಗಿ ಸಾಗವಾನಿಗೆ ಬೇಡಿಕೆ ಬಂದಿದ್ದ ಕಾಲ. ಗುಡ್ಡದ ಬುಡದ ಹೊಳೆಯ ಆಚೆ ಹೊಗೆ ಎದ್ದರೆ ಉದ್ದಕ್ಕೆ ಕೊಂಬು ಊದಬೇಕು, ಈಚೆಯಾದರೆ ಗಿಡ್ಡಕ್ಕೆ. ಕೆಳಗೆ ಬಿಡಾರ ಹಾಕಿದ್ದ ಮರ ಕಡಿಯುವವರು ಅದನ್ನು ಕೇಳಿ ಓಡುತ್ತಿದ್ದರು.

ಆದರೆ ರೂಪ್ಲಪ್ಪನ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಅದು ಗೊತ್ತಿದ್ದದ್ದು ಹೆಂಡತಿ ಗೋಮಿಬಾಯಿಗೆ ಮಾತ್ರ. ರೊಟ್ಟಿ ತಂದವಳು ಸಂಜೆಯವರೆಗೆ ಪಕ್ಕದಲ್ಲಿ ಕೂತು ನೋಡುವಳು, ಅವನು ಊದುವನು. ಗಂಡ ಹೆಂಡತಿಯ ಹೆಸರು ಹೇಳಬಾರದೆಂಬ ರೂಢಿ ಅವನಿಗೆ ಬಹಳ ಅನುಕೂಲವಾಗಿತ್ತು. ಹೊಗೆ ಕಂಡವರು ಯಾರು ಎಂದರೆ ‘ನಾನ’ ಅಂದುಬಿಟ್ಟರಾಯಿತು.

ಮಳೆಗಾಲದಲ್ಲಿ ಗೋಮಿಬಾಯಿ ಚಳಿಜ್ವರಕ್ಕೆ ತೀರಿಕೊಂಡಳು. ಬೇಸಿಗೆಗೆ ರೂಪ್ಲಪ್ಪ ಮತ್ತೆ ಗುಡ್ಡ ಹತ್ತಿದ. ಕೆಲಸ ಹೋದರೆ ತಾಂಡೆಯಲ್ಲಿ ಅವನೊಬ್ಬ ಕುರುಡ ಮುದುಕ, ಅಷ್ಟೇ. ಆ ವರ್ಷವೂ ಕೊಂಬು ಒಮ್ಮೆಯೂ ತಪ್ಪಲಿಲ್ಲ. ಆದರೆ ರೊಟ್ಟಿ ಒಯ್ಯುತ್ತಿದ್ದ ಗಾಡಿ ಹೊಡೆಯುವ ಲಾಲು, ಮುದುಕ ಯಾರಿಗೋ ‘ಆಚೆಯೋ ಈಚೆಯೋ’ ಎಂದು ಕೇಳುತ್ತಾನೆ, ಉತ್ತರ ಬರುವಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಊದುತ್ತಾನೆ ಎಂದು ಸುದ್ದಿ ತಂದ.

ರೇಂಜರ್ ಚನಬಸಪ್ಪ ದುರ್ಬೀನು ನೇತುಹಾಕಿಕೊಂಡು ಹತ್ತಿದ. ಆ ದುರ್ಬೀನಿನಲ್ಲಿ ಅವನಿಗೆ ಇದುವರೆಗೆ ಹೆಚ್ಚಾಗಿ ಕಂಡಿದ್ದು ತನ್ನದೇ ರೆಪ್ಪೆಗೂದಲು. ಮುದುಕನ ಮುಖದ ಮುಂದೆ ಕೈ ಆಡಿಸಿದ. ರೆಪ್ಪೆ ಅಲುಗಲಿಲ್ಲ.

“ಕಣ್ಣ ಹೋಗ್ಯಾವಲ್ಲೋ ರೂಪ್ಲ್ಯಾ. ಮತ್ತ ಯಾರು ನೋಡ್ತಾರ?”

“ಯಾರ್ ನೋಡ್ಬೇಕ್ರಿ ಸಾಹೇಬ್ರ? ನಾನ ನೋಡ್ತೇನಿ. ಇಲ್ಲಿ ಮತ್ತ ಯಾರೂ ಇಲ್ರಿ.”

ಮುದುಕನ ಪಕ್ಕದಲ್ಲಿ ಒಣಹುಲ್ಲು ಯಾರೋ ಕೂತಂತೆ ಅದುಮಿಕೊಂಡಿತ್ತು. ಗಾಳಿ ಇರಲಿಲ್ಲ. ಅದು ಎಸಳೆಸಳಾಗಿ ಮೇಲೆದ್ದಿತು. ಇದನ್ನು ನೋಡಲು ಚನಬಸಪ್ಪನಿಗೆ ದುರ್ಬೀನು ಬೇಕಾಗಲಿಲ್ಲ.

ರೂಪ್ಲಪ್ಪ ಆ ಕಡೆ ತಿರುಗಿ, ತಾಂಡೆಯ ಮಾತಿನಲ್ಲಿ, ಎಲ್ಲಿಗೆ ಹೊರಟೆ ಎಂದು ಮೆಲ್ಲಗೆ ಕೇಳಿದ. ಕಿವಿಗೊಟ್ಟು ಕೂತ. ಆಗ ಇಬ್ಬರ ಮೂಗಿಗೂ ಸುಟ್ಟ ವಾಸನೆ ಬಂತು. ರೇಂಜರ್ ಸುತ್ತಲೂ ದುರ್ಬೀನು ತಿರುಗಿಸಿದ, ಬರೀ ಮಬ್ಬು. ಬೆಂಕಿ ಯಾವ ಕಡೆ ಎಂದು ಗದರಿದ. ಬಿಡಾರದಲ್ಲಿ ಹೆಂಗಸರು ಮಕ್ಕಳೆಲ್ಲ ಇದ್ದರು. ಮುದುಕ ಕೊಂಬನ್ನು ತುಟಿಗೆ ಹಿಡಿದ, ಊದಲಿಲ್ಲ. ಉದ್ದಕ್ಕೋ ಗಿಡ್ಡಕ್ಕೋ ಅವನಿಗೆ ತಿಳಿಯಲಿಲ್ಲ.

“ಸುಳ್ಳ ಹೇಳ್ದೆ ಸಾಹೇಬ್ರ,” ಎಂದ. “ಮೊದ್ಲಿಂದ್ಲೂ ನೋಡಾಕಿ ನನ್ನ ಹೇಣ್ತಿ. ಗೋಮಿಬಾಯಿ. ಗೋಮಿಬಾಯಿ ಅಂತ ಆಕಿ ಹೆಸ್ರು.”

ಪಕ್ಕದ ಒಣಹುಲ್ಲು ಮತ್ತೆ ಅದುಮಿಕೊಂಡಿತು. ಆಮೇಲೆ ಮುದುಕ ತಲೆಯಾಡಿಸಿ ಗಿಡ್ಡಕ್ಕೆ ಊದಿದ. ಕೆಳಗೆ ಜನ ಈಚೆ ದಂಡೆಗೆ ಓಡಿದರು. ಬೆಂಕಿ ಬಿಡಾರ ಮುಟ್ಟುವ ಮೊದಲೇ ಹತೋಟಿಗೆ ಸಿಕ್ಕಿತು.

ತನ್ನ ಕೆಲಸದ ಗತಿ ಏನೆಂದು ರೂಪ್ಲಪ್ಪ ಕೇಳಿದ. ಚನಬಸಪ್ಪ ಆಗಲೇ ಇಳಿಯತೊಡಗಿದ್ದ. ಮುದುಕನ ಪಕ್ಕದ ಜಾಗ ತುಳಿಯದಂತೆ ಮುಳ್ಳುಪೊದೆಯೊಳಗೇ ಬಳಸಿಕೊಂಡು ಹೋಗಿ, ಹಿಂದೆ ತಿರುಗದೆಯೇ ಹೇಳಿದ.

“ಇಬ್ರೂ ಇರ್ರಿ.”