ಕೇಶವಯ್ಯ ಅಂಕಲ್ ಬರೆದ ಕೊನೆಯ ಪತ್ರ

ನಿಮ್ಮ ಮನೆ ಎಲ್ಲಿ ಎಂದು ಯಾರಾದರೂ ಕೇಳಿದರೆ ಕೇಶವಯ್ಯ ಅಂಕಲ್ ಬೀದಿಯ ಹೆಸರು ಹೇಳುತ್ತಿರಲಿಲ್ಲ, ಚೆಕ್ಕುಬಂದಿ ಹೇಳುತ್ತಿದ್ದರು. "ಪೂರ್ವಕ್ಕೆ ರೈಲು ಹಳಿ, ಪಶ್ಚಿಮಕ್ಕೆ ಡೈರಿ ಅಂಗಡಿ, ಉತ್ತರಕ್ಕೆ ಸಾರ್ವಜನಿಕ ರಸ್ತೆ, ದಕ್ಷಿಣಕ್ಕೆ ಟೋಂಗಾ ದೇಶದವರ ಮನೆ. ಈ ಮಧ್ಯೆ ಇರೋ ಸ್ವತ್ತು ನಮ್ದು." ಆಕ್ಲೆಂಡಿನ ನ್ಯೂ ಲಿನ್ ಬಡಾವಣೆಯ ಹಳೆಯ ಇಟ್ಟಿಗೆ ಕಟ್ಟಡವೊಂದರಲ್ಲಿ ಆ ಸ್ವತ್ತು ಎಂದರೆ ನೆಲಮಹಡಿಯ ಎರಡು ಕೋಣೆಗಳ ಫ್ಲ್ಯಾಟು. ಅದರ ಮೇಲಿನ ಫ್ಲ್ಯಾಟಿನಲ್ಲಿ ನಾನು ಬಾಡಿಗೆಗಿದ್ದೆ.

ಬೆಂಗಳೂರಿನಲ್ಲಿ ಅವರು ಮೂವತ್ತು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂತು ಪತ್ರ ಬರೆದವರು. ಹೆಂಡತಿ ಲಲಿತಾ ಆಂಟಿಗೆ ಆಕ್ಲೆಂಡಿನ ಒಂದು ರೆಸ್ಟ್ ಹೋಮಿನಲ್ಲಿ, ಅಂದರೆ ವೃದ್ಧಾಶ್ರಮದಲ್ಲಿ, ನರ್ಸ್ ಕೆಲಸ ಸಿಕ್ಕಾಗ ಹಿಂದೆ ಬಂದರು. ಇಲ್ಲಿ ಅವರಿಗೆ ಕೆಲಸವಿರಲಿಲ್ಲ, ಆದರೆ ಕೆಲಸವಿಲ್ಲದ ಹಾಗೆ ಅವರನ್ನು ನಾನು ಕಂಡದ್ದೂ ಇಲ್ಲ. ಊರಿನ ಕನ್ನಡದವರೆಲ್ಲ ಏನೇ ಕಾಗದ ಬಂದರೂ ಅವರ ಮುಂದೆ ತಂದು ಹಿಡಿಯುತ್ತಿದ್ದರು. ಅವರು ಹೆಬ್ಬೆರಳು ಒದ್ದೆ ಮಾಡಿಕೊಂಡು ಕೊನೆಯ ಪುಟದಿಂದ ಓದಲು ಶುರುಮಾಡುತ್ತಿದ್ದರು. ನನ್ನ ಬಾಡಿಗೆ ಕರಾರನ್ನೂ ಹಾಗೇ ಓದಿ, "ನೋಡಮ್ಮ, ವರ್ಷದವರೆಗೆ ನೀನು ಬಿಡೋ ಹಾಗಿಲ್ಲ ಅಂತ ಇಲ್ಲೊಂದು ಟಿಕ್ ಹಾಕಿದಾನೆ. ನೀನು ಹೂಂ ಅಂದಿದ್ಯಾ?" ಎಂದರು. ಅಂದಿರಲಿಲ್ಲ. ಟಿಕ್ ತೆಗೆಸಿದೆ. ಆವತ್ತಿನಿಂದ ಕಾಗದದ ವಿಷಯದಲ್ಲಿ ಅವರು ಹೇಳಿದ್ದೇ ನನಗೆ ವೇದವಾಯಿತು. ಈಗ ಯೋಚಿಸಿದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಆ ಫ್ಲ್ಯಾಟನ್ನು ಅವರು ಲೀಸ್‌ಗೆ ತೆಗೆದುಕೊಂಡಿದ್ದರು. ನೆಲ ಬೇರೆ ಯಾರದೋ ಟ್ರಸ್ಟಿನದು, ಮನೆ ಮಾತ್ರ ಅವಧಿ ಮುಗಿಯುವ ತನಕ ಇವರದು. ಬೆಂಗಳೂರಿನ ಸೈಟು ಮಾರಿದ ದುಡ್ಡೂ ಆಂಟಿಯ ಉಳಿತಾಯವೂ ಅದಕ್ಕೇ ಹೋಗಿತ್ತು. ವರ್ಷಕ್ಕೊಮ್ಮೆ ನೆಲಬಾಡಿಗೆ ಕಟ್ಟುವಾಗ "ಇದು ಕಂದಾಯ" ಎನ್ನುತ್ತಿದ್ದರು. ಕೊಳ್ಳುವಾಗ ವಕೀಲೆ ಎಲ್ಲ ಬಿಡಿಸಿ ಹೇಳಲು ಬಂದಿದ್ದಳಂತೆ. ಅಂಕಲ್ ಕೈ ಅಡ್ಡ ಹಿಡಿದು, ಎಷ್ಟೋ ಸಾವಿರ ಲೀಸ್ ಪತ್ರ ಬರೆದವನು ನಾನು ಎಂದು ನಕ್ಕಿದ್ದರಂತೆ. ಅದು ಸುಳ್ಳಲ್ಲ. ಬೆಂಗಳೂರಿನಲ್ಲಿ ಲೀಸ್ ಎಂದರೆ ಭೋಗ್ಯ: ದೊಡ್ಡ ಮೊತ್ತ ಒಂದೇ ಸಲ ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಅವಧಿ ಮುಗಿದ ದಿನ ಮನೆ ಬಿಟ್ಟು ಅಷ್ಟೂ ದುಡ್ಡು ವಾಪಸ್ಸು ಪಡೆಯುವುದು.

ಒಂದು ಶನಿವಾರ ಟ್ರಸ್ಟಿನಿಂದ ಪತ್ರ ಬಂತು. ಲೀಸ್ ಮುಗಿಯುತ್ತಿದೆ, ಇನ್ನೂ ಇಪ್ಪತ್ತೊಂದು ವರ್ಷ ಮುಂದುವರಿಸುವುದಾದರೆ ಇಂತಿಷ್ಟು ದಿನದೊಳಗೆ ಬರೆದು ತಿಳಿಸಿ ಎಂದಿತ್ತು. ಅಂಕಲ್ ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕೂಗಿದರು.

"ಬಾಮ್ಮ, ಬಾ! ಮುಂದುವರಿಸ್ತೀರಾ ಅಂತ ಕೇಳ್ತಿದಾರೆ. ನಾನ್ಯಾಕೆ ಮುಂದುವರಿಸ್ಲಿ? ದುಡ್ಡು ವಾಪಸ್ ಇಸ್ಕೊಂಡು ಆ ಫ್ಲ್ಯಾಟ್ ಬುಷ್ ಬಡಾವಣೇಲಿ ಹೊಸ ಮನೆಗೆ ಹೋಗ್ತೀವಿ. ನಿಮ್ಮಾಂಟಿಗೆ ಒಂದು ತೋಟ ಬೇಕಂತೆ."

ನನಗೂ ಅದೇ ಸರಿ ಅನ್ನಿಸಿತು. ನಾನು ಬೆಳೆದದ್ದೇ ವಿಜಯನಗರದ ಒಂದು ಭೋಗ್ಯದ ಮನೆಯಲ್ಲಿ. ಮನೆ ಬಿಟ್ಟ ದಿನ ಅಪ್ಪ ದುಡ್ಡಿನ ಚೀಲವನ್ನು ಎದೆಗೆ ಒತ್ತಿಕೊಂಡು ಆಟೋ ಹತ್ತಿದ್ದು ನೆನಪಿತ್ತು.

ಅಂಕಲ್ ಅಂದೇ ಉತ್ತರ ಬರೆದರು. ತಮ್ಮ ದುಂಡನೆಯ ಇಂಗ್ಲಿಷ್ ಅಕ್ಷರದಲ್ಲಿ, ನಮಗೆ ಮುಂದುವರಿಸುವ ಇರಾದೆ ಇಲ್ಲ, ದಯವಿಟ್ಟು ಹಣವನ್ನು ಸಿದ್ಧವಾಗಿಡಿ ಎಂದು. ಕೆಳಗೆ ಗಂಡಹೆಂಡಿರ ಸಹಿ. ಸಾಕ್ಷಿಗಳಿಲ್ಲದ ಪತ್ರ ಪತ್ರವೇ ಅಲ್ಲ ಎನ್ನುವುದು ಅವರ ನಂಬಿಕೆ. ಹಾಗಾಗಿ ಒಂದನೇ ಸಾಕ್ಷಿಯಾಗಿ ನಾನು ಸಹಿ ಹಾಕಿದೆ, ಎರಡನೆಯದಾಗಿ ಡೈರಿ ಅಂಗಡಿಯವರು. ನಿಮ್ಮ ನಿರ್ಧಾರವನ್ನು ಗಮನಿಸಿದ್ದೇವೆ ಎಂದು ಟ್ರಸ್ಟಿನವರು ಮರಳಿ ಬರೆದಾಗ ಅಂಕಲ್ ಕೇಸರಿಬಾತ್ ಮಾಡಿಸಿ ಹಂಚಿದರು. ಉಳಿದ ಐದು ಫ್ಲ್ಯಾಟಿನವರು ಮುಂದುವರಿಸುತ್ತೇವೆ ಎಂದು ಒಂದು ಸಾಲು ಗೀಚಿ ಕಳಿಸಿದ್ದರು. "ಪಾಪ, ಅವ್ರಿಗೆ ತಿಳಿಯಲ್ಲ," ಎಂದು ಅಂಕಲ್ ಮರುಗಿದರು.

ಬೀಗದ ಕೈ ಒಪ್ಪಿಸುವ ದಿನ ಟ್ರಸ್ಟಿನ ಕಡೆಯಿಂದ ಒಬ್ಬಳು ಹುಡುಗಿ ಬಂದಳು. ಅಂಕಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾದಿದ್ದರು. ಅವಳು ಕೈ ನೀಡಿದಳು. ಅವರು ಬೀಗದ ಕೈಯನ್ನು ಮುಷ್ಟಿಯಲ್ಲೇ ಹಿಡಿದು ಇನ್ನೊಂದು ಕೈ ಚಾಚಿದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ತೆಗೆದುಕೊಳ್ಳುವುದು ಭೋಗ್ಯದ ರೂಢಿ. ಅವಳು ಕೈಕುಲುಕಲು ಎಂದುಕೊಂಡು ಆ ಕೈಯನ್ನು ಕುಲುಕಿದಳು. ನಾನು ಮಧ್ಯೆ ಹೋಗಿ ಹಣದ ಮಾತೆತ್ತಿದೆ. ಯಾವ ಹಣ ಎಂದು ಅವಳು ನಿಜವಾಗಿಯೇ ಕೇಳಿದಳು. ಇಲ್ಲಿ ಲೀಸ್‌ಗೆ ಕೊಟ್ಟದ್ದು ಠೇವಣಿಯಲ್ಲ, ಮನೆಯ ಬೆಲೆ; ಮುಂದುವರಿಸದಿದ್ದರೆ ಮನೆ ಟ್ರಸ್ಟಿಗೆ ಹೋಗುತ್ತದೆ, ಒಂದು ಕಾಸೂ ವಾಪಸ್ಸು ಬರುವುದಿಲ್ಲ.

ಲಲಿತಾ ಆಂಟಿ ಕೂಗಾಡಲಿಲ್ಲ. "ರೀ, ನಾನು ಇಷ್ಟು ವರ್ಷ ಮುದುಕ್ರನ್ನ ಎತ್ತಿ ಇಳಿಸಿ ದುಡಿದಿದ್ದೆಲ್ಲ ಈ ಮನೇಲೇ ಇತ್ತು ಕಣ್ರೀ," ಎಂದಷ್ಟೇ ಹೇಳಿ ಕಟ್ಟಿಟ್ಟ ಪೆಟ್ಟಿಗೆಯ ಮೇಲೆ ಕೂತರು.

ಉಚಿತ ಸಲಹೆ ಕೊಡುವ ವಕೀಲರೊಬ್ಬರ ಹತ್ತಿರ ನಾನೇ ಅವರನ್ನು ಕರೆದುಕೊಂಡು ಹೋದೆ. ಗಡುವು ಮರೆತು ಸುಮ್ಮನಿದ್ದಿದ್ದರೆ ಕೋರ್ಟಿನಲ್ಲಿ ದಯೆ ಕೇಳಬಹುದಿತ್ತು, ಆದರೆ ಇಬ್ಬರು ಸಾಕ್ಷಿಗಳ ಮುಂದೆ ಬೇಡವೆಂದು ಬರೆದುಕೊಟ್ಟಿದ್ದಾರಲ್ಲ ಎಂದು ಆತ ಪತ್ರವನ್ನು ನಮ್ಮತ್ತ ತಿರುಗಿಸಿದ. ಅಂಕಲ್ ಅದನ್ನು ಮುಟ್ಟಲಿಲ್ಲ. ಆಮೇಲೆ ಅವರು ಯಾರ ಕಾಗದವನ್ನೂ ಮುಟ್ಟಲಿಲ್ಲ. ಊರಿನವರೂ ತರುವುದನ್ನು ನಿಲ್ಲಿಸಿದರು, ಕೆಲವರು ನಕ್ಕರು ಕೂಡ.

ಕ್ರೈಸ್ಟ್‌ಚರ್ಚಿನಲ್ಲಿ ಆಂಟಿಗೆ ಬೇರೆ ಕೆಲಸ ಸಿಕ್ಕಿತು. ಆ ಊರಿನ ಹಾರ್ನ್‌ಬಿಯಲ್ಲಿ, ಗೋದಾಮುಗಳ ನಡುವೆ, ಯಾರದೋ ಮನೆಯ ಒಂದು ಕೋಣೆ ಬಾಡಿಗೆಗೆ ಹಿಡಿದರು. ಎರಡನೇ ಚಳಿಗಾಲದಲ್ಲಿ ಅಂಕಲ್ ಆ ಕೋಣೆಯಲ್ಲೇ ತೀರಿಕೊಂಡರು.

ನಾನು ಅವರನ್ನು ಕೊನೆಗೆ ಕಂಡದ್ದು ಅವರಿಬ್ಬರನ್ನು ವಿಮಾನಕ್ಕೆ ಬಿಡಲು ಹೋದಾಗ. ಆಂಟಿ ಸಾಲಿನಲ್ಲಿ ನಿಂತಿದ್ದರು. ನನ್ನ ಮುಖ ನೋಡಿ ಅಂಕಲ್ ಹತ್ತಿರ ಬಂದರು.

"ನೀನ್ಯಾಕಮ್ಮ ಕೊರಗ್ತೀಯಾ? ನೀನು ಬರೀ ಸಾಕ್ಷಿ. ಸಾಕ್ಷಿ ಹಾಕೋರು ನಮ್ಮ ಸಹಿ ನೋಡಿದ್ರೆ ಸಾಕು. ಒಳಗಡೆ ಏನು ಬರೆದಿದೆ ಅಂತ ಓದ್ಬೇಕಾಗಿಲ್ಲ."

ನಾನು ತಲೆಯಾಡಿಸಿದೆ. ಆದರೆ ನಾನು ಓದಿದ್ದೆ. ಮೊದಲಿನಿಂದ ಕೊನೆಯವರೆಗೆ ಓದಿ, "ಎಷ್ಟು ಚೆನ್ನಾಗಿ ಬರೆದಿದೀರಿ ಅಂಕಲ್," ಎಂದಿದ್ದೆ.